‘ಟ್ರಸ್ಟ್’ ಎಂಬ ಪದದ ಲೆಕ್ಕಪತ್ರ

ನಮ್ಮ ಯಾವುದೇ ಊರಿನ ಮುಖ್ಯರಸ್ತೆಯಲ್ಲಿ ಒಮ್ಮೆ ನಡೆದು ಹೋದರೆ ಸಾಕು, ನಾಲ್ಕೈದು ಫಲಕಗಳಲ್ಲಾದರೂ ‘ಟ್ರಸ್ಟ್’ ಎಂಬ ಪದ ಕಣ್ಣಿಗೆ ಬೀಳುತ್ತದೆ. ಶಾಲೆಯ ಹಿಂದೆ ಒಂದು ಎಜುಕೇಶನಲ್ ಟ್ರಸ್ಟ್, ಆಸ್ಪತ್ರೆಯ ಹಿಂದೆ ಒಂದು ಚಾರಿಟೇಬಲ್ ಟ್ರಸ್ಟ್. ದೇವಸ್ಥಾನಕ್ಕೂ ಟ್ರಸ್ಟ್, ಮದ್ರಸಕ್ಕೂ ಟ್ರಸ್ಟ್, ಇಗರ್ಜಿಯ ಅನಾಥಾಲಯಕ್ಕೂ ಟ್ರಸ್ಟ್. ಚುನಾವಣೆ ಹತ್ತಿರ ಬಂದಾಗ ಮಕ್ಕಳಿಗೆ ನೋಟ್‌ಬುಕ್ ಹಂಚುವುದೂ ಯಾರದೋ ತಂದೆಯ ಹೆಸರಿನ ಟ್ರಸ್ಟೇ. ‘ಈ ಕಟ್ಟಡ ಯಾರದು?’ ಎಂದು ಕೇಳಿದರೆ ‘ಟ್ರಸ್ಟಿನದು’ ಎಂಬ ಉತ್ತರ ಬರುತ್ತದೆ. ಕೇಳಿದವನೂ ತಲೆಯಾಡಿಸಿ ಸುಮ್ಮನಾಗುತ್ತಾನೆ.

ಆದರೆ ನಿಘಂಟು ತೆರೆದರೆ ಅಲ್ಲಿರುವ ಅರ್ಥ ಬೇರೆ. ಟ್ರಸ್ಟ್ ಎಂದರೆ ನಂಬಿಕೆ, ವಿಶ್ವಾಸ, ಭರವಸೆ. ನಂಬಿಕೆ ಮನಸ್ಸಿನೊಳಗಿನ ಸಂಗತಿ. ಅದು ಕಟ್ಟಡದ ಒಡೆಯನಾದದ್ದು ಹೇಗೆ? ಬ್ಯಾಂಕಿನಲ್ಲಿ ಖಾತೆ ತೆರೆದದ್ದು ಹೇಗೆ? ಅದೇ ಪದಕ್ಕೆ ಅಮೆರಿಕದಲ್ಲಿ ‘ವಿರೋಧಿ’ ಎಂಬರ್ಥದ ‘ಆಂಟಿ’ ಸೇರಿ ಒಂದು ಕಾನೂನೇ ಹುಟ್ಟಿದ್ದು ಹೇಗೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ನಾವು ಇಂಗ್ಲೆಂಡಿನ ಚರ್ಚಿಗೂ, ಅರೇಬಿಯದ ಖರ್ಜೂರದ ತೋಟಕ್ಕೂ, ಕೊನೆಗೆ ನಮ್ಮ ತುಮಕೂರಿನ ಕೆರೆ ದಂಡೆಗೂ ಹೋಗಬೇಕಾಗುತ್ತದೆ.

ಮರದಷ್ಟು ಗಟ್ಟಿ

‘ಟ್ರಸ್ಟ್’ ಮೂಲತಃ ಇಂಗ್ಲಿಷ್ ನೆಲದ ಪದವಲ್ಲ. ಒಂಬತ್ತನೆಯ ಶತಮಾನದಲ್ಲಿ ಉತ್ತರದ ವೈಕಿಂಗರು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ನೆಲೆಸಿದರು. ಅವರ ನಾರ್ಸ್ ಭಾಷೆಯ ‘ಟ್ರೌಸ್ಟ್’ ಎಂಬ ಪದಕ್ಕೆ ಆಸರೆ, ನೆರವು, ಭರವಸೆ ಎಂಬ ಅರ್ಥಗಳಿದ್ದವು. ಸುಮಾರು 1200ರ ಹೊತ್ತಿಗೆ ಅದು ಇಂಗ್ಲಿಷ್ ಬರವಣಿಗೆಯಲ್ಲಿ ‘ಟ್ರಸ್ಟ್’ ಆಗಿ ಕಾಣಿಸಿಕೊಳ್ಳುತ್ತದೆ. ಸತ್ಯ ಎಂಬರ್ಥದ ‘ಟ್ರೂ’ ಮತ್ತು ಕದನವಿರಾಮ ಎಂಬರ್ಥದ ‘ಟ್ರೂಸ್’ ಇದರ ದಾಯಾದಿಗಳು. ಈ ಕುಟುಂಬದ ಬೇರನ್ನು ಇನ್ನೂ ಆಳಕ್ಕೆ ಅಗೆದಿರುವ ಭಾಷಾಶಾಸ್ತ್ರಜ್ಞರು ‘ಗಟ್ಟಿಯಾಗಿ ನಿಲ್ಲುವುದು’ ಎಂಬರ್ಥದ ಒಂದು ಪ್ರಾಚೀನ ಧಾತುವನ್ನು ತೋರಿಸುತ್ತಾರೆ. ಮರ ಎಂಬರ್ಥದ ಇಂಗ್ಲಿಷ್ ‘ಟ್ರೀ’ ಮತ್ತು ಸಂಸ್ಕೃತದ ‘ದಾರು’ ಅದೇ ಬುಡದ ಕೊಂಬೆಗಳೆಂಬುದು ಅವರ ಅಭಿಪ್ರಾಯ. ಹಾಗೆ ನೋಡಿದರೆ ನಮ್ಮ ‘ದೇವದಾರು’ವಿನಲ್ಲಿರುವ ದಾರುವೂ ಇಂಗ್ಲಿಷರ ಟ್ರಸ್ಟೂ ದೂರದ ನೆಂಟರು.

ಒರಗಿದರೆ ಬೀಳದೆ ನಿಲ್ಲುವಂಥದ್ದು, ಮರದಂತೆ ಗಟ್ಟಿಯಾದದ್ದು – ಇದು ಈ ಪದದ ಮೊದಲ ಅರ್ಥ. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಒರಗುವವನ ಭಾವನೆ ಎಷ್ಟೇ ಪ್ರಾಮಾಣಿಕವಾಗಿರಲಿ, ಮರ ಟೊಳ್ಳಾಗಿದ್ದರೆ ಅವನು ಬೀಳುತ್ತಾನೆ. ಆದ್ದರಿಂದ ನಂಬಿಕೆಯೆಂದರೆ ನಂಬುವವನ ಗುಣ ಮಾತ್ರವಲ್ಲ, ನಂಬಿಸಿಕೊಂಡವನ ಗುಣವೂ ಹೌದು. ಈ ಪದದ ಮುಂದಿನ ಎಂಟು ನೂರು ವರ್ಷಗಳ ಚರಿತ್ರೆ ಈ ಎರಡರ ನಡುವಿನ ಜಗ್ಗಾಟವೇ ಆಗಿದೆ.

ಗೆಳೆಯನ ಹೆಸರಿಗೆ ಭೂಮಿ

ಮಧ್ಯಯುಗದ ಇಂಗ್ಲೆಂಡಿನಲ್ಲಿ ಭೂಮಿಯನ್ನು ಉಯಿಲು ಬರೆದು ತನಗೆ ಬೇಕಾದವರಿಗೆ ಕೊಡುವ ಸ್ವಾತಂತ್ರ್ಯ ಇರಲಿಲ್ಲ. ಭೂಮಿ ಹೊಂದಿದವನು ಸತ್ತರೆ ಅವನ ಮೇಲಿನ ಒಡೆಯನಿಗೆ ಕಾಣಿಕೆ ಸಲ್ಲಬೇಕಿತ್ತು. ವಾರಸುದಾರ ಚಿಕ್ಕವನಾಗಿದ್ದರೆ ಅವನು ಬೆಳೆದು ದೊಡ್ಡವನಾಗುವವರೆಗೆ ಜಮೀನಿನ ಆದಾಯವನ್ನು ಒಡೆಯನೇ ತಿನ್ನಬಹುದಿತ್ತು. ಇದರಿಂದ ತಪ್ಪಿಸಿಕೊಳ್ಳಲು ಜನ ಒಂದು ದಾರಿ ಕಂಡುಕೊಂಡರು. ಬದುಕಿರುವಾಗಲೇ ಭೂಮಿಯನ್ನು ನಂಬಿಕಸ್ತ ಗೆಳೆಯರ ಹೆಸರಿಗೆ ಮಾಡಿಬಿಡುವುದು. ದಾಖಲೆಯಲ್ಲಿ ಒಡೆತನ ಗೆಳೆಯರದು. ಅದರ ಫಲ ಮಾತ್ರ ಹೆಂಡತಿ ಮಕ್ಕಳಿಗೆ. ಇದನ್ನು ಅವರು ‘ಯೂಸ್’ ಎಂದು ಕರೆದರು. ಧರ್ಮಯುದ್ಧಕ್ಕೆ ಹೊರಟ ಸೈನಿಕ ತನ್ನ ಜಮೀನನ್ನು ಗೆಳೆಯನ ಹೆಸರಿಗೆ ಬರೆದು, ‘ನಾನು ಮರಳಿ ಬರುವವರೆಗೆ ನನ್ನವರಿಗಾಗಿ ನೋಡಿಕೋ’ ಎಂದು ಹೇಳಿ ಹೋಗುವ ಉದಾಹರಣೆಯನ್ನು ಇಂದಿಗೂ ಕಾನೂನು ತರಗತಿಗಳಲ್ಲಿ ಹೇಳುತ್ತಾರೆ.

ಗೆಳೆಯ ಮೋಸ ಮಾಡಿದರೆ? ‘ದಾಖಲೆಯಲ್ಲಿ ನನ್ನ ಹೆಸರಿದೆ, ಭೂಮಿ ನನ್ನದು’ ಎಂದುಬಿಟ್ಟರೆ? ರಾಜನ ಸಾಮಾನ್ಯ ನ್ಯಾಯಾಲಯಗಳು ದಾಖಲೆಯನ್ನಷ್ಟೇ ನೋಡುತ್ತಿದ್ದವು. ಆಗ ಮೋಸಹೋದವರು ಚಾನ್ಸಲರನ ಬಳಿಗೆ ಹೋಗತೊಡಗಿದರು. ಚಾನ್ಸಲರ್ ಆ ಕಾಲದಲ್ಲಿ ಸಾಮಾನ್ಯವಾಗಿ ಒಬ್ಬ ಪಾದ್ರಿ. ಅವನು ಕೇಳುತ್ತಿದ್ದುದು ದಾಖಲೆಯ ಪ್ರಶ್ನೆಯನ್ನಲ್ಲ, ಅಂತಸ್ಸಾಕ್ಷಿಯ ಪ್ರಶ್ನೆಯನ್ನು. ‘ನೀನು ಮಾತು ಕೊಟ್ಟಿದ್ದೆ ತಾನೇ? ಹಾಗಿದ್ದರೆ ಅದರಂತೆ ನಡೆ. ಇಲ್ಲವಾದರೆ ಸೆರೆಮನೆ’. ಹೀಗೆ ಒಬ್ಬರ ಮೇಲೆ ಒಬ್ಬರಿಟ್ಟ ವಿಶ್ವಾಸಕ್ಕೆ ಮೊದಲ ಬಾರಿಗೆ ಕೋರ್ಟಿನ ಬೆಂಬಲ ಸಿಕ್ಕಿತು.

ತನ್ನ ಆದಾಯಕ್ಕೆ ಕತ್ತರಿ ಬೀಳುವುದನ್ನು ಕಂಡ ಎಂಟನೆಯ ಹೆನ್ರಿ 1536ರಲ್ಲಿ ಯೂಸ್‌ಗಳ ಕಾಯ್ದೆ ತಂದು ಈ ದಾರಿಯನ್ನು ಮುಚ್ಚಲು ನೋಡಿದ. ವಕೀಲರು ಒಂದು ಯೂಸ್‌ನ ಮೇಲೆ ಇನ್ನೊಂದು ಯೂಸ್ ಬರೆದು ಕಾಯ್ದೆಯ ಕಣ್ಣು ತಪ್ಪಿಸಿದರು. ಹದಿನೇಳನೆಯ ಶತಮಾನದಲ್ಲಿ ಚಾನ್ಸಲರನ ಕೋರ್ಟು ಆ ಎರಡನೆಯದಕ್ಕೆ ಮಾನ್ಯತೆ ಕೊಟ್ಟಿತು. ಅದಕ್ಕೆ ಅಂಟಿಕೊಂಡ ಹೆಸರೇ ‘ಟ್ರಸ್ಟ್’. ಅಂದರೆ ಇಂದು ನಮ್ಮ ಫಲಕಗಳ ಮೇಲಿರುವ ಈ ಗೌರವದ ಪದ ಒಂದು ಕಡೆ ಅಂತಸ್ಸಾಕ್ಷಿಯಿಂದಲೂ, ಇನ್ನೊಂದು ಕಡೆ ತೆರಿಗೆ ತಪ್ಪಿಸುವ ಜಾಣತನದಿಂದಲೂ ಹುಟ್ಟಿದ ಮಗು. ಈ ಎರಡೂ ಗುಣಗಳು ಅದನ್ನು ಇಂದಿಗೂ ಬಿಟ್ಟಿಲ್ಲ.

ಖೈಬರ್‌ನ ಜಮೀನು

ಇಂಗ್ಲೆಂಡಿನಲ್ಲಿ ಯೂಸ್ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಶತಮಾನಗಳ ಮೊದಲು ಇದೇ ಬಗೆಯ ಒಂದು ಸಂಸ್ಥೆ ಅರಬ್ ಜಗತ್ತಿನಲ್ಲಿ ಬೇರೂರಿತ್ತು. ಹಝ್ರತ್ ಉಮರ್(ರ) ಅವರಿಗೆ ಖೈಬರ್‌ನಲ್ಲಿ ಬೆಲೆಬಾಳುವ ಒಂದು ಜಮೀನು ಸಿಕ್ಕಿತು. ಅದನ್ನೇನು ಮಾಡಲಿ ಎಂದು ಅವರು ಪ್ರವಾದಿ ಮುಹಮ್ಮದ್(ಸ) ಅವರಲ್ಲಿ ಕೇಳಿದರು. ಮೂಲವನ್ನು ಹಿಡಿದಿಟ್ಟು ಫಲವನ್ನು ದಾನ ಮಾಡುವಂತೆ ಪ್ರವಾದಿಯವರು(ಸ) ಸಲಹೆ ಕೊಟ್ಟರು. ಆ ಭೂಮಿಯನ್ನು ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ, ಅದು ವಾರಸುದಾರರಿಗೂ ಹೋಗುವುದಿಲ್ಲ. ಅದರ ಬೆಳೆ ಬಡವರಿಗೆ, ಬಂಧುಗಳಿಗೆ, ಗುಲಾಮರ ಬಿಡುಗಡೆಗೆ, ದಾರಿಹೋಕರಿಗೆ, ಅತಿಥಿಗಳಿಗೆ. ನೋಡಿಕೊಳ್ಳುವವನು ತನ್ನ ಅಗತ್ಯಕ್ಕೆ ಹಿತಮಿತವಾಗಿ ತಿನ್ನಬಹುದು, ಆಸ್ತಿ ಮಾಡಿಕೊಳ್ಳುವಂತಿಲ್ಲ. ಉಮರ್(ರ) ತಮ್ಮ ನಂತರ ಅದರ ಉಸ್ತುವಾರಿಯನ್ನು ಮಗಳು ಹಫ್ಸಾ(ರ) ಅವರಿಗೆ ವಹಿಸಿದರು. ಮುತವಲ್ಲಿ ಎಂದಾಕ್ಷಣ ಗಡ್ಡದ ಗಂಡಸನ್ನೇ ಕಲ್ಪಿಸಿಕೊಳ್ಳುವ ನಾವು ವಕ್ಫ್ ಚರಿತ್ರೆಯ ಈ ಆರಂಭದ ಪುಟವನ್ನು ಮರೆಯಬಾರದು.

ವಕ್ಫ್ ಮತ್ತು ಟ್ರಸ್ಟ್‌ಗಳ ನಡುವೆ ಸಂಬಂಧವಿದೆಯೇ? ಫೆಲೆಸ್ತೀನಿನ ನ್ಯಾಯಶಾಸ್ತ್ರಜ್ಞ ಹೆನ್ರಿ ಕತ್ತಾನ್ 1955ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಈ ಹೋಲಿಕೆಯನ್ನು ಎತ್ತಿ ತೋರಿಸಿದರು. ಯೂಸ್ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ ಬಳಸಿಕೊಂಡವರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳೂ ಇದ್ದರು. ಅವರು ಸ್ವಂತ ಆಸ್ತಿ ಹೊಂದುವಂತಿರಲಿಲ್ಲ. ಆದ್ದರಿಂದ ಅವರ ವಾಸಕ್ಕೆಂದು ಕೊಟ್ಟ ಮನೆಗಳು ಬೇರೆಯವರ ಹೆಸರಿನಲ್ಲಿರುತ್ತಿದ್ದವು. ಅವರು ಇಂಗ್ಲೆಂಡಿಗೆ ಬಂದದ್ದು 1224ರಲ್ಲಿ. ಅದಕ್ಕೆ ಐದು ವರ್ಷ ಮೊದಲು, 1219ರಲ್ಲಿ, ಅವರ ಗುರು ಸಂತ ಫ್ರಾನ್ಸಿಸ್ ಧರ್ಮಯುದ್ಧದ ನಡುವೆಯೇ ಈಜಿಪ್ಟಿಗೆ ಹೋಗಿ ಸುಲ್ತಾನ್ ಅಲ್ ಕಾಮಿಲ್‌ರನ್ನು ಭೇಟಿಯಾಗಿದ್ದರು. 1264ರಲ್ಲಿ ಸ್ಥಾಪನೆಯಾದ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ನಿಯಮಾವಳಿಗೂ ಮದ್ರಸಗಳ ವಕ್ಫ್ ಪತ್ರಗಳಿಗೂ ಇರುವ ಹೋಲಿಕೆಯನ್ನು 1988ರಲ್ಲಿ ಮೋನಿಕಾ ಗೌಡಿಯೋಸಿ ವಿವರವಾಗಿ ಚರ್ಚಿಸಿದರು.

ಆದರೆ ಹೋಲಿಕೆಯೇ ಪುರಾವೆಯಲ್ಲ. ಟ್ರಸ್ಟಿನ ಬೇರು ರೋಮನ್ ಕಾನೂನಿನಲ್ಲಿದೆ ಎನ್ನುವವರಿದ್ದಾರೆ, ಜರ್ಮನ್ ಬುಡಕಟ್ಟುಗಳ ಪದ್ಧತಿಯಲ್ಲಿದೆ ಎನ್ನುವವರೂ ಇದ್ದಾರೆ. ‘ಎಲ್ಲವೂ ನಮ್ಮಿಂದಲೇ ಹೋಯಿತು’ ಎಂದು ಬೀಗುವ ಅಗತ್ಯ ನಮಗಿಲ್ಲ. ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಕಲಿಸುತ್ತದೆ. ಇಂಗ್ಲಿಷ್ ಟ್ರಸ್ಟಿನಲ್ಲಿ ಟ್ರಸ್ಟಿಯೇ ಕಾನೂನಿನ ಪ್ರಕಾರ ಒಡೆಯ. ಆತ್ಮಸಾಕ್ಷಿಯ ಪ್ರಕಾರ ಮಾತ್ರ ಫಲ ಬೇರೆಯವರದು. ಹನಫಿ ಪಂಥದಲ್ಲಿ ನೆಲೆನಿಂತ ಅಭಿಪ್ರಾಯದಂತೆ ವಕ್ಫ್‌ನ ಒಡೆತನ ಮನುಷ್ಯನ ಕೈಬಿಟ್ಟು ದೇವನಿಗೆ ಸೇರುತ್ತದೆ. ಮುತವಲ್ಲಿ ಬರೀ ಮೇಲ್ವಿಚಾರಕ. ಇನ್ನೊಂದು ವ್ಯತ್ಯಾಸ ಕಾಲದ್ದು. ವಕ್ಫ್ ಎಂದೆಂದಿಗೂ ಇರುವಂಥದ್ದು. ಖಾಸಗಿ ಆಸ್ತಿಯನ್ನು ಹೀಗೆ ಶಾಶ್ವತವಾಗಿ ಕಟ್ಟಿಹಾಕುವುದನ್ನು ಇಂಗ್ಲಿಷ್ ಕಾನೂನು 1682ರ ನಾರ್ಫಕ್ ಡ್ಯೂಕನ ಮೊಕದ್ದಮೆಯಿಂದೀಚೆಗೆ ಒಪ್ಪಲಿಲ್ಲ. ಈ ವ್ಯತ್ಯಾಸಗಳು ಮುಂದೆ ನಮ್ಮ ದೇಶದಲ್ಲಿ ದೊಡ್ಡ ಪೆಟ್ಟಿಗೆ ಕಾರಣವಾದವು.

ಒಂದೇ ತಿಂಗಳು, ಎರಡು ಟ್ರಸ್ಟ್‌ಗಳು

1882ರ ಜನವರಿ ಈ ಪದದ ಚರಿತ್ರೆಯಲ್ಲಿ ನೆನಪಿಡಬೇಕಾದ ತಿಂಗಳು. ಆ ತಿಂಗಳ 2ರಂದು ಅಮೆರಿಕದಲ್ಲಿ ಸ್ಟಾಂಡರ್ಡ್ ಆಯಿಲ್ ಟ್ರಸ್ಟಿನ ಒಪ್ಪಂದ ಆಯಿತು. 13ರಂದು ಇಲ್ಲಿ ಭಾರತೀಯ ಟ್ರಸ್ಟ್‌ಗಳ ಕಾಯ್ದೆ ಜಾರಿಗೆ ಒಪ್ಪಿಗೆ ಪಡೆಯಿತು.

ಅಮೆರಿಕದ ಕತೆ ಮೊದಲು ನೋಡೋಣ. ಅಲ್ಲಿ ದೇವರ ಮೇಲೆ ನಮ್ಮ ಭರವಸೆ ಎಂಬರ್ಥದ ‘ಇನ್ ಗಾಡ್ ವಿ ಟ್ರಸ್ಟ್’ ಎಂಬ ಮಾತು ಅಂತರ್ಯುದ್ಧದ ನಡುವೆ, 1864ರಲ್ಲಿ, ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಅಚ್ಚಾಯಿತು. 1956ರಲ್ಲಿ ಅದು ಆ ದೇಶದ ಅಧಿಕೃತ ಧ್ಯೇಯವಾಕ್ಯವೂ ಆಯಿತು. ನಾಣ್ಯದ ಮೇಲೆ ದೇವರ ಟ್ರಸ್ಟ್ ಕುಳಿತು ಎರಡು ದಶಕವಾಗುವುದರೊಳಗೆ ನಾಣ್ಯ ಕೂಡಿಡುವವರು ಬೇರೊಂದು ಟ್ರಸ್ಟ್ ಕಟ್ಟಿದರು. ಎಣ್ಣೆಯ ದೊರೆ ಜಾನ್ ರಾಕ್‌ಫೆಲರ್‌ರ ಕೂಟದ ಬೇರೆ ಬೇರೆ ಕಂಪೆನಿಗಳ ಪಾಲುದಾರರು ತಮ್ಮ ಷೇರುಗಳನ್ನೆಲ್ಲ ಒಂಬತ್ತು ಮಂದಿ ಟ್ರಸ್ಟಿಗಳ ಕೈಗೆ ಒಪ್ಪಿಸಿದರು. ಹೊರಗಿನಿಂದ ನೋಡಿದರೆ ಹಲವು ಕಂಪೆನಿಗಳು, ಒಳಗೆ ಒಂದೇ ಮುಷ್ಟಿ. ಸಕ್ಕರೆ, ಮದ್ಯ ಮುಂತಾದ ಉದ್ಯಮಗಳೂ ಇದೇ ಮಾದರಿ ಹಿಡಿದವು. ಅನಾಥರ ಆಸ್ತಿ ಕಾಯಲು ಹುಟ್ಟಿದ ವಿಧಾನ ಇಡೀ ಮಾರುಕಟ್ಟೆಯನ್ನು ಕಬಳಿಸುವ ವಿಧಾನವಾಯಿತು. ಜನರ ಬಾಯಲ್ಲಿ ‘ಟ್ರಸ್ಟ್’ ಬೈಗುಳವಾಯಿತು. 1890ರ ಶೆರ್ಮನ್ ಕಾಯ್ದೆಯನ್ನು ಜನ ‘ಆಂಟಿಟ್ರಸ್ಟ್’ ಕಾಯ್ದೆಯೆಂದೇ ಕರೆದರು. ಅದರಡಿ 1911ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸ್ಟಾಂಡರ್ಡ್ ಆಯಿಲನ್ನು ಒಡೆಯಲು ಆಜ್ಞಾಪಿಸಿ, ಅದು 34 ಕಂಪೆನಿಗಳಾಗಿ ಚೂರಾಯಿತು. ಅಂತರ್ಜಾಲ ಹುಡುಕಾಟದಲ್ಲಿ ಗೂಗಲ್ ಅಕ್ರಮ ಏಕಸ್ವಾಮ್ಯ ನಡೆಸಿದೆಯೆಂದು 2024ರ ಆಗಸ್ಟಿನಲ್ಲಿ ಅಮೆರಿಕದ ನ್ಯಾಯಾಲಯ ತೀರ್ಪು ಕೊಟ್ಟದ್ದೂ ಅದೇ 1890ರ ಕಾಯ್ದೆಯಡಿ.

ವಿಶ್ವಾಸ ಎಂಬರ್ಥದ ಪದಕ್ಕೆ ವಿರೋಧಿಯಾಗಿ ನಿಲ್ಲುವುದೇ ಒಂದು ದೇಶದಲ್ಲಿ ನ್ಯಾಯವಾಯಿತು. ಕಾರಣ ಸರಳ. ಆ ಒಂಬತ್ತು ಟ್ರಸ್ಟಿಗಳು ಹೊರಗಿನ ಯಾರಿಗೂ ಲೆಕ್ಕ ಕೊಡಬೇಕಿರಲಿಲ್ಲ.

ಒಂದೇ ಅಳತೆಗೋಲಿನ ಅನ್ಯಾಯ

ಭಾರತದ 1882ರ ಕಾಯ್ದೆ ಖಾಸಗಿ ಟ್ರಸ್ಟ್‌ಗಳಿಗಾಗಿ ಮಾಡಿದ್ದು. ವಕ್ಫ್ ಕುರಿತ ಇಸ್ಲಾಮೀ ನಿಯಮಗಳಿಗೆ ಇದು ಅನ್ವಯಿಸುವುದಿಲ್ಲವೆಂದು ಅದರ ಮೊದಲ ಕಲಮಿನಲ್ಲೇ ಹೇಳಲಾಗಿತ್ತು. ಕಾಗದದ ಮೇಲೆ ಎರಡೂ ಬೇರೆ ಬೇರೆ. ಆದರೆ ತೀರ್ಪು ಬರೆಯುವವರ ತಲೆಯಲ್ಲಿ ಇದ್ದದ್ದು ಟ್ರಸ್ಟಿನ ಅಳತೆಗೋಲು.

ಬಂಗಾಲದ ಇಬ್ಬರು ಮುಸ್ಲಿಮ್ ಸೋದರರು ತಮ್ಮ ಆಸ್ತಿಯನ್ನು ವಕ್ಫ್ ಮಾಡಿದ್ದರು. ಫಲ ಮೊದಲು ಮಕ್ಕಳು ಮೊಮ್ಮಕ್ಕಳಿಗೆ, ವಂಶ ನಿಂತರೆ ಬಡವರಿಗೆ. ಕುಟುಂಬಕ್ಕೆ ಕೊಡುವುದೂ ದಾನವೇ ಎಂಬ ನೆಲೆಯಲ್ಲಿ ಮುಸ್ಲಿಮ್ ಜಗತ್ತು ಶತಮಾನಗಳಿಂದ ಒಪ್ಪಿಕೊಂಡು ಬಂದಿದ್ದ ಪದ್ಧತಿಯಿದು. 1894ರಲ್ಲಿ, ಅಬುಲ್ ಫತಾ ಮೊಕದ್ದಮೆ ಎಂದು ಹೆಸರಾದ ಪ್ರಕರಣದಲ್ಲಿ, ಲಂಡನ್ನಿನ ಪ್ರಿವಿ ಕೌನ್ಸಿಲ್ ಇಂಥ ವಕ್ಫ್ ಅಸಿಂಧು ಎಂದಿತು. ಬಡವರಿಗೆ ಸಿಗುವುದು ಎಂದೋ ಒಂದು ಕಾಲಕ್ಕೆ, ಆದ್ದರಿಂದ ಇಲ್ಲಿ ದಾನದ ಹೆಸರು ಬರೀ ತೋರಿಕೆ ಎಂಬುದು ತೀರ್ಪಿನ ಸಾರ. ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೈಯದ್ ಅಮೀರ್ ಅಲಿ ಅದಕ್ಕೂ ಮೊದಲೇ ಇನ್ನೊಂದು ಪ್ರಕರಣದಲ್ಲಿ ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ವಿಸ್ತಾರವಾಗಿ ಬರೆದಿದ್ದರು. ಅದು ಲಂಡನ್ನಿನಲ್ಲಿ ನಿಲ್ಲಲಿಲ್ಲ.

ಇಂಗ್ಲೆಂಡಿನ ದೊಡ್ಡ ಜಮೀನುದಾರ ಕುಟುಂಬಗಳು ಟ್ರಸ್ಟಿಗಳನ್ನೇ ಬಳಸಿಕೊಂಡು ತಲೆಮಾರಿಗೊಮ್ಮೆ ಹೊಸ ಪತ್ರ ಬರೆಸಿ ತಮ್ಮ ಎಸ್ಟೇಟುಗಳನ್ನು ನೂರಾರು ವರ್ಷ ಒಡೆಯದಂತೆ ಉಳಿಸಿಕೊಂಡಿದ್ದವು. ಅಲ್ಲಿ ಅದು ಕುಲೀನರ ಜಾಣ್ಮೆ. ಇಲ್ಲಿ ಬಂಗಾಲದ ಕುಟುಂಬವೊಂದು ಮಾಡಿದಾಗ ಅದು ತೋರಿಕೆ. ಇದರ ಪರಿಣಾಮ ಕಾಗದದಲ್ಲಿ ಉಳಿಯಲಿಲ್ಲ. ತಮ್ಮ ಹಿರಿಯರು ಭದ್ರವಾಗಿಟ್ಟು ಹೋಗಿದ್ದಾರೆಂದು ನಂಬಿದ್ದ ಆಸ್ತಿಯ ಕೆಳಗಿನ ನೆಲವೇ ಅನೇಕ ಕುಟುಂಬಗಳಿಗೆ ಕುಸಿಯಿತು. ಮೌಲಾನಾ ಶಿಬ್ಲಿ ನುಅಮಾನಿ ಮುಂತಾದವರು ಇದರ ವಿರುದ್ಧ ದನಿಯೆತ್ತಿದರು. 1911ರಲ್ಲಿ ಮುಹಮ್ಮದ್ ಅಲಿ ಜಿನ್ನಾ ಶಾಸನಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. 1913ರಲ್ಲಿ ಅದು ವಕ್ಫ್ ಸಿಂಧುತ್ವ ಕಾಯ್ದೆಯಾಗಿ ಜಾರಿಗೆ ಬಂತು. ಹಳೆಯ ವಕ್ಫ್‌ಗಳಿಗೆ ಅದು ಅನ್ವಯಿಸುವುದಿಲ್ಲವೆಂಬ ತಕರಾರು ಎದ್ದು, 1930ರಲ್ಲಿ ಇನ್ನೊಂದು ಕಾಯ್ದೆ ಬೇಕಾಯಿತು.

ಕುಟುಂಬ ವಕ್ಫ್ ದೋಷಮುಕ್ತವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಅದನ್ನು ಬಳಸಿದವರಿದ್ದರು. ಈಜಿಪ್ಟ್ 1952ರಲ್ಲಿ ಅದನ್ನು ರದ್ದುಪಡಿಸಿತು. ನಮ್ಮ ತಕರಾರು ಬೇರೆ. ಒಂದು ಸಮಾಜದ ಪದವನ್ನು ಇನ್ನೊಂದು ಸಮಾಜದ ಪದದಿಂದ ಅನುವಾದಿಸಿಕೊಂಡು, ಆ ಅನುವಾದವೇ ಮೂಲವೆಂದು ತೀರ್ಪು ಕೊಡುವುದು ಅನ್ಯಾಯಕ್ಕೆ ದಾರಿ.

ಈ ಕತೆಗೆ ಒಂದು ಒಳ್ಳೆಯ ಉಪಸಂಹಾರವೂ ಇದೆ. 1909ರಲ್ಲಿ ಅಮೀರ್ ಅಲಿ ಅದೇ ಪ್ರಿವಿ ಕೌನ್ಸಿಲಿನ ನ್ಯಾಯ ಸಮಿತಿಗೆ ನೇಮಕವಾದ ಮೊದಲ ಭಾರತೀಯರಾದರು. 1921ರಲ್ಲಿ ಹಿಂದೂ ಮಠವೊಂದರ ಮೊಕದ್ದಮೆಯಲ್ಲಿ ತೀರ್ಪು ಕೊಡುವ ಸರದಿ ಅವರದಾಯಿತು. ಮಠಾಧಿಪತಿಯಾಗಲಿ ಮುತವಲ್ಲಿಯಾಗಲಿ ಇಂಗ್ಲಿಷ್ ಅರ್ಥದ ಟ್ರಸ್ಟಿಯಲ್ಲ, ಈ ನೆಲದ ದತ್ತಿಗಳಿಗೆ ಅವುಗಳದೇ ಆದ ತಿರುಳಿದೆ ಎಂದು ಅವರು ವಿವರಿಸಿದರು. ಮಠದ ಪರಂಪರೆಯನ್ನು ಪರಕೀಯ ಅಳತೆಗೋಲಿನಿಂದ ಬಿಡಿಸಿದವರು ಒಬ್ಬ ಮುಸ್ಲಿಮ್ ನ್ಯಾಯಾಧೀಶರು ಎಂಬುದನ್ನು ಇಂದು ನೆನೆಯುವುದು ಒಳ್ಳೆಯದು.

ಆಳುವವರು ಆಡಿದ ಮಾತು

ಆಸ್ತಿಯಿಂದ ಈ ಪದ ರಾಜಕೀಯಕ್ಕೂ ಹೋಯಿತು. 1783ರಲ್ಲಿ ಎಡ್ಮಂಡ್ ಬರ್ಕ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ವಿರುದ್ಧ ಮಾತಾಡುತ್ತಾ, ಆಳುವ ಅಧಿಕಾರವೆಲ್ಲವೂ ಒಂದು ಟ್ರಸ್ಟ್, ಲೆಕ್ಕ ಒಪ್ಪಿಸುವುದೇ ಟ್ರಸ್ಟಿನ ಜೀವಾಳ ಎಂಬ ವಾದ ಮುಂದಿಟ್ಟರು. ನಮ್ಮ ಮಟ್ಟಿಗೆ ಈ ಪದದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಅತ್ಯುತ್ತಮ ವಿವರಣೆ ಇದೇ. ಆದರೆ ಆದದ್ದೇನು? ವಾರನ್ ಹೇಸ್ಟಿಂಗ್ಸ್ ಮೇಲಿನ ವಿಚಾರಣೆ 1788ರಿಂದ 1795ರವರೆಗೆ ಎಳೆದು ಅವರು ಖುಲಾಸೆಯಾದರು.

1919ರಲ್ಲಿ ಲೀಗ್ ಆಫ್ ನೇಷನ್ಸ್‌ನ ಒಡಂಬಡಿಕೆ, ಇನ್ನೂ ಸ್ವಂತ ಕಾಲ ಮೇಲೆ ನಿಲ್ಲಲಾರರೆಂದು ತಾನೇ ತೀರ್ಮಾನಿಸಿದ ಜನಾಂಗಗಳ ಏಳಿಗೆಯನ್ನು ನಾಗರಿಕತೆಯ ‘ಪವಿತ್ರ ಟ್ರಸ್ಟ್’ ಎಂದು ಕರೆಯಿತು. ಆ ಹೆಸರಿನಲ್ಲಿ ಫೆಲೆಸ್ತೀನ್ ಮತ್ತು ಇರಾಕ್ ಬ್ರಿಟನ್ನಿನ ಕೈಗೂ, ಸಿರಿಯಾ ಮತ್ತು ಲೆಬನಾನ್ ಫ್ರಾನ್ಸಿನ ಕೈಗೂ ಹೋದವು. ಅಲ್ಲಿನ ಜನರು ದೂರು ಕೊಡಬೇಕಿದ್ದರೆ ಅದನ್ನು ತಮ್ಮನ್ನು ಆಳುತ್ತಿದ್ದ ಸರಕಾರದ ಮೂಲಕವೇ ಲೀಗಿಗೆ ಕಳುಹಿಸಬೇಕಿತ್ತು. ಟ್ರಸ್ಟಿಯ ಮೇಲಿನ ದೂರನ್ನು ಟ್ರಸ್ಟಿಯ ಕೈಯಲ್ಲೇ ಕೊಡುವ ಏರ್ಪಾಡು! 1948ರ ಮೇ ತಿಂಗಳಲ್ಲಿ ಬ್ರಿಟನ್ ಫೆಲೆಸ್ತೀನಿನಿಂದ ಹೊರಟುಹೋದಾಗ ಆ ಟ್ರಸ್ಟಿನ ಲೆಕ್ಕ ಕೇಳುವವರಿರಲಿಲ್ಲ. ಅದರ ಬೆಲೆಯನ್ನು ಫೆಲೆಸ್ತೀನಿಯರು ಇಂದಿಗೂ ತೆರುತ್ತಿದ್ದಾರೆ. ವಿಶ್ವಸಂಸ್ಥೆಯೂ ಈ ಪದವನ್ನು ಬಿಡಲಿಲ್ಲ. ಅದರ ಕೊನೆಯ ಟ್ರಸ್ಟ್ ಪ್ರದೇಶ ಪಲಾವ್ ಸ್ವತಂತ್ರವಾದದ್ದು 1994ರಲ್ಲಿ.

ಇದೇ ಪದವನ್ನು ಗಾಂಧೀಜಿ ಇನ್ನೊಂದು ಕಡೆಯಿಂದ ಎತ್ತಿಕೊಂಡರು. ಲಂಡನ್ನಿನಲ್ಲಿ ಓದಿದ್ದ ಇಂಗ್ಲಿಷ್ ಕಾನೂನಿನ ಪಾಠ, ಅದರಲ್ಲೂ ಸ್ನೆಲ್ ಬರೆದ ಪುಸ್ತಕ, ಗೀತೆಯ ಅಪರಿಗ್ರಹವನ್ನು ಅರ್ಥಮಾಡಿಕೊಳ್ಳಲು ತಮಗೆ ನೆರವಾಯಿತೆಂದು ಆತ್ಮಕತೆಯಲ್ಲಿ ಅವರು ಬರೆದುಕೊಂಡಿದ್ದಾರೆ. ಕೋಟಿಗಟ್ಟಲೆ ಹಣ ಕೈಯಲ್ಲಿದ್ದರೂ ಟ್ರಸ್ಟಿ ಅದರಲ್ಲಿ ಒಂದು ಕಾಸನ್ನೂ ತನ್ನದೆಂದುಕೊಳ್ಳುವುದಿಲ್ಲ. ಶ್ರೀಮಂತನೂ ಹಾಗೇ ಬದುಕಲಿ ಎಂಬುದು ಅವರ ಆಶಯ. ಶ್ರೀಮಂತರು ಒಪ್ಪದಿದ್ದರೆ ಲೆಕ್ಕ ಕೇಳುವವರು ಯಾರು ಎಂಬ ಪ್ರಶ್ನೆಯನ್ನು ಅವರ ಟೀಕಾಕಾರರು ಎತ್ತಿದರು. ಪ್ರಶ್ನೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ನಮ್ಮ ನಾಲಗೆಯ ಮೇಲಿನ ಅಮಾನತು

ಇಷ್ಟು ಸುತ್ತಿ ಕನ್ನಡಕ್ಕೆ ಬರೋಣ. ನಾವು ಟ್ರಸ್ಟಿಗೆ ಒಂದೇ ಪದ ಇಟ್ಟುಕೊಂಡಿಲ್ಲ. ಮನಸ್ಸಿನದಾದರೆ ನಂಬಿಕೆ, ಭರವಸೆ. ಸದನದಲ್ಲಾದರೆ ವಿಶ್ವಾಸಮತ, 2019ರ ಜುಲೈನಲ್ಲಿ 99 ಮತಗಳಿಗೆ ಎದುರಾಗಿ 105 ಬಿದ್ದು ಕುಮಾರಸ್ವಾಮಿ ಸರಕಾರ ಉರುಳಿದ್ದು ಇಂಥದ್ದೊಂದು ಮತದಲ್ಲಿ. ಟ್ರಸ್ಟಿಯಾದರೆ ಧರ್ಮದರ್ಶಿ. ಮೋಸವಾದರೆ ನಂಬಿಕೆದ್ರೋಹ, ಹಳೆಯ ದಂಡಸಂಹಿತೆಯಲ್ಲಿ 406ನೇ ಕಲಮು, 2024ರ ಜುಲೈನಿಂದ ನ್ಯಾಯಸಂಹಿತೆಯ 316. ಬೆಂಗಳೂರಿನ ಬಡಾವಣೆಗಳ ಚರಿತ್ರೆಯಲ್ಲೂ ಒಂದು ಟ್ರಸ್ಟಿದೆ: 1976ರಲ್ಲಿ ಬಿಡಿಎ ಬರುವವರೆಗೆ ನಿವೇಶನ ಹಂಚುತ್ತಿದ್ದುದು 1945ರ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು.

ಇವುಗಳ ನಡುವೆ ಸದ್ದಿಲ್ಲದೆ ಕುಳಿತಿರುವ ಒಂದು ಪದ ‘ಅಮಾನತು’. ಅರಬಿಯ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು, ಕೇಳಿದಾಗ ಹಿಂದಿರುಗಿಸಬೇಕಾದದ್ದು. ಅದರ ಧಾತುವಿನಿಂದಲೇ ಈಮಾನ್ ಅಂದರೆ ವಿಶ್ವಾಸ, ಅಮೀನ್ ಅಂದರೆ ನಂಬಿಕಸ್ತ ಎಂಬ ಪದಗಳು ಬಂದವು. ಮಕ್ಕಾದ ಜನ ಪ್ರವಾದಿಯವರನ್ನು(ಸ) ‘ಅಲ್ ಅಮೀನ್’ ಎಂದು ಕರೆಯುತ್ತಿದ್ದರು. ವೈರಿಗಳು ಕೂಡ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಕ್ರಿ.ಶ. 622ರಲ್ಲಿ ಕೊಲ್ಲಲು ಬಂದವರಿಂದ ಪಾರಾಗಿ ಮದೀನಾಕ್ಕೆ ಹೊರಟಾಗಲೂ, ಆ ಒತ್ತೆಗಳನ್ನು ಒಡೆಯರಿಗೆ ಮರಳಿಸಲೆಂದು ಅಲಿ(ರ) ಅವರನ್ನು ಮಕ್ಕಾದಲ್ಲಿ ಉಳಿಸಿ ಹೋದರು.

ಈ ಪದ ಕನ್ನಡಕ್ಕೆ ಬಂದು ಏನಾಯಿತು ನೋಡಿ. ಹಳೆಯ ಮೈಸೂರಿನ ಕಂದಾಯ ಲೆಕ್ಕದಲ್ಲಿ ಗುತ್ತಿಗೆಗೆ ಕೊಡದೆ ಸರಕಾರವೇ ನೇರವಾಗಿ ನೋಡಿಕೊಳ್ಳುವ ಭೂಮಿಗೆ ‘ಅಮಾನಿ’ ಎನ್ನುತ್ತಿದ್ದರು. ತುಮಕೂರಿನ ಅಮಾನಿಕೆರೆಯ ಹೆಸರಿನಲ್ಲಿ ಆ ನೆನಪು ಉಳಿದಿದೆ. ಕೋರ್ಟಿನಲ್ಲಿ ‘ಅಮೀನ’ ಜಪ್ತಿಗೆ ಬರುವ ನೌಕರನಾದ. ‘ಅಮಾನತು’ ಠೇವಣಿ ಎಂಬ ಅರ್ಥದಲ್ಲಿ ಕೆಲವೆಡೆ ಉಳಿದರೂ, ಪತ್ರಿಕೆಯ ಓದುಗನಿಗೆ ಗೊತ್ತಿರುವುದು ಬೇರೊಂದೇ ಅರ್ಥ: ‘ಕರ್ತವ್ಯಲೋಪ, ಅಧಿಕಾರಿ ಅಮಾನತು’. ವಿಚಾರಣೆ ಮುಗಿಯುವವರೆಗೆ ಹುದ್ದೆಯನ್ನು ತಡೆಹಿಡಿದಿಡುವುದು ಎಂಬ ನೆಲೆಯಲ್ಲಿ ಈ ಬಳಕೆ ಬೆಳೆದಿರಬೇಕು. ಅರ್ಥ ಬದಲಾದರೂ ಒಂದು ಎಳೆ ತಪ್ಪಿಲ್ಲ. ಅಮಾನತಿನ ಹಿಂದೆ ಯಾವಾಗಲೂ ವಿಚಾರಣೆ ಇದೆ.

ಲೆಕ್ಕ ಯಾರು ಓದುತ್ತಾರೆ?

2006ರ ಸಾಚಾರ್ ಸಮಿತಿ ವರದಿಯಂತೆ ದೇಶದಲ್ಲಿ ಆಗ ನೋಂದಾಯಿತವಾಗಿದ್ದ ವಕ್ಫ್ ಆಸ್ತಿಗಳು 4.9 ಲಕ್ಷ, ಭೂಮಿ ಸುಮಾರು 6 ಲಕ್ಷ ಎಕರೆ. ಮಾರುಕಟ್ಟೆ ಬೆಲೆ 1.2 ಲಕ್ಷ ಕೋಟಿ ರೂಪಾಯಿ. ವರ್ಷದ ಆದಾಯ ಮಾತ್ರ ಕೇವಲ 163 ಕೋಟಿ. ಸರಿಯಾಗಿ ಬಳಸಿದರೆ ವರ್ಷಕ್ಕೆ 12,000 ಕೋಟಿ ಬರಬಹುದೆಂದು ಸಮಿತಿ ಅಂದಾಜಿಸಿತ್ತು. ನಡುವಿನ ಈ ಕಂದಕಕ್ಕೆ ಒತ್ತುವರಿ ಕಾರಣ, ಸರಕಾರಿ ಇಲಾಖೆಗಳೂ ಕಾರಣ. ಆದರೆ ಜುಜುಬಿ ಬಾಡಿಗೆಗೆ ಅಂಗಡಿ ಬರೆದುಕೊಟ್ಟ ನಮ್ಮವರೂ ಕಾರಣ. 1894ರ ಅನ್ಯಾಯವನ್ನು ಲಂಡನ್ನಿನ ಮೇಲೆ ಹೊರಿಸಬಹುದು. ಇದನ್ನು ಪೂರ್ತಿಯಾಗಿ ಹೊರಗಿನವರ ಮೇಲೆ ಹೊರಿಸಲಾಗದು.

2025ರ ವಕ್ಫ್ ತಿದ್ದುಪಡಿ ಕಾಯ್ದೆಯಲ್ಲಿ, ಮುಸ್ಲಿಮನೊಬ್ಬ ಬೇರೆ ಕಾನೂನಿನಡಿ ಸ್ಥಾಪಿಸಿದ ಟ್ರಸ್ಟಿಗೆ ವಕ್ಫ್ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ಕಲಮು ಸೇರಿದೆ. ಆ ತಿದ್ದುಪಡಿಯ ಕೆಲವು ಅಂಶಗಳಿಗೆ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ಮಧ್ಯಂತರ ತಡೆ ಕೊಟ್ಟಿತು. ಅದರ ಸರಿತಪ್ಪುಗಳ ಚರ್ಚೆ ಪ್ರತ್ಯೇಕವಾಗಿಯೇ ಆಗಬೇಕು. ಇಲ್ಲಿ ಹೇಳಬೇಕಾದದ್ದು ಇಷ್ಟೇ: ವಕ್ಫ್‌ನ ಫಲಕ ಇಳಿಸಿ ಟ್ರಸ್ಟಿನ ಫಲಕ ಏರಿಸಿದರೆ ಹೊಣೆ ಕಡಿಮೆಯಾಗುತ್ತದೆಂದು ಯಾರಾದರೂ ಭಾವಿಸಿದ್ದರೆ, ಅವರಿಗೆ ಎರಡೂ ಪದಗಳು ಅರ್ಥವಾಗಿಲ್ಲ.

ಖಲೀಫಾ ಉಮರ್(ರ) ಅವರ ಕುರಿತ ಒಂದು ಪ್ರಸಂಗ ನಮ್ಮ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಲ್ಲರಿಗೂ ಒಂದೊಂದು ತುಂಡು ಬಟ್ಟೆ ಹಂಚಲಾಗಿತ್ತು. ಎತ್ತರದ ಆಳಾದ ಖಲೀಫರ ಮೈಮೇಲೆ ಎರಡು ತುಂಡಿನ ಉಡುಪು. ಸಭೆಯಲ್ಲಿದ್ದವನೊಬ್ಬ ಎದ್ದು, ಎರಡನೆಯದು ಎಲ್ಲಿಂದ ಬಂತೆಂದು ಕೇಳಿದ. ಖಲೀಫರು ಸಿಟ್ಟಾಗಲಿಲ್ಲ, ‘ನನ್ನನ್ನೇ ನಂಬುವುದಿಲ್ಲವೇ’ ಎಂದೂ ಕೇಳಲಿಲ್ಲ. ಮಗನನ್ನು ಕರೆದರು. ಅದು ನನ್ನ ಪಾಲಿನ ತುಂಡು, ತಂದೆಗೆ ಕೊಟ್ಟೆ ಎಂದು ಮಗ ಎಲ್ಲರೆದುರು ಹೇಳಿದ ಮೇಲೆಯೇ ಸಭೆ ಮುಂದುವರಿಯಿತು. ಖೈಬರ್‌ನ ಜಮೀನನ್ನು ವಕ್ಫ್ ಮಾಡಿದವರೂ ಇವರೇ.

ನಮ್ಮ ಜಮಾಅತ್‌ಗಳ, ಸಂಘಗಳ, ಟ್ರಸ್ಟ್‌ಗಳ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವ ಹೊತ್ತಿಗೆ ಅರ್ಧ ಜನ ಎದ್ದು ಚಹಾದ ಕಡೆ ಹೋಗಿರುತ್ತಾರೆ. ಉಳಿದವರಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ, ‘ನಿಮಗೆ ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಕೇಳಿದವನು ನಾಚಿ ಕುಳಿತುಕೊಳ್ಳುತ್ತಾನೆ. ಅವನು ನಾಚಬೇಕಾಗಿಲ್ಲ. ನಂಬಿಕೆ ಇರುವುದರಿಂದಲೇ ಹಣ ಕೊಟ್ಟಿದ್ದೇವೆ, ಆ ನಂಬಿಕೆ ಉಳಿಯಲೆಂದೇ ಲೆಕ್ಕ ಕೇಳುತ್ತಿದ್ದೇವೆ ಎಂದು ಅವನು ಹೇಳಬಹುದು. ಮುಂದಿನ ಸಭೆಯಲ್ಲಿ ಚಹಾ ಸ್ವಲ್ಪ ತಡವಾಗಿ ಬರಲಿ.